ನಡುಮನೆಯ ಗೋಡೆ

ಅಪ್ಪನಿಗೆ ಕ್ಷಯ ಅಂತ ಗೊತ್ತಾದಾಗ ಅವನೂ ನಾನೂ ಜಯನಗರದಲ್ಲಿ ನಿವೃತ್ತ ಮೇಷ್ಟರೊಬ್ಬರ ಮನೆಗೆ ಗಾರೆ ಕೆಲಸ ಮಾಡುತ್ತಿದ್ದೆವು. ಬಡಾವಣೆ ಆಗಷ್ಟೇ ಏಳುತ್ತಿತ್ತು. ರಸ್ತೆಗಿಂತ ಕಲ್ಲುರಾಶಿಯೇ ಹೆಚ್ಚು. ನಾಲ್ಕನೇ ಕ್ಲಾಸಿಗೆ ಸ್ಲೇಟು ಬಿಟ್ಟು ಕರಣೆ ಹಿಡಿದವನು ನಾನು. ಹಿಡಿಯಲು ಕಲಿಸಿದವನು ಅಪ್ಪ.

ಮೂರು ತಿಂಗಳು ದಿನಾ ಸೂಜಿ ಹಾಕಿಸಿಕೊಳ್ಳಬೇಕು, ಬಿಟ್ಟರೆ ಉಳಿಯುವುದು ಕಷ್ಟ ಎಂದರು ಡಾಕ್ಟರು. ಅಪ್ಪ ಎರಡು ದಿನ ಹೋಗಿ ನಿಲ್ಲಿಸಿಬಿಟ್ಟ.

“ದಿನಾ ಚುಚ್ಚಿ ಹೊಲಿಯೋಕೆ ನಾನೇನ್ ಗೋಣಿಚೀಲಾನೇನ್ಲಾ?”

“ಸತ್ತೋಗ್ತೀಯಪ್ಪಾ!” ಎಂದು ಕೂಗಾಡಿದೆ. ಅಮ್ಮ ಅತ್ತಳು.

“ಸಾಯ್ದೇ ಇರೋನು ಒಬ್ಬನ್ನ ಈ ಯಡಿಯೂರಲ್ಲಿ ತೋರ್ಸು, ಹೋಗ್ತೀನಿ” ಅಂದು ಬೀಡಿ ಹಚ್ಚಿದ.

ಕೊನೆಗೆ ಆಸ್ಪತ್ರೆಯ ಕಂಪೌಂಡರೇ ಒಂದು ಸಂಜೆ ಸೈಕಲ್ಲಿನಲ್ಲಿ ಮನೆಗೆ ಬಂದರು. ಸೂಜಿಯ ಮಾತೇ ಎತ್ತಲಿಲ್ಲ. ಜಗಲಿಯ ಮೇಲೆ ಕೂತು, “ಯಜಮಾನ್ರೇ, ಕೈಯಲ್ಲಿ ಏನ್ ಕೆಲಸ ಉಳ್ದಿದೆ?” ಎಂದರು.

ಅಪ್ಪ ಬೀಡಿಯನ್ನು ನೆಲಕ್ಕೆ ಒತ್ತಿ ಆರಿಸಿದ. “ಮೇಷ್ಟ್ರ ಮನೇಲಿ ನಡುಮನೆ ಗೋಡೆ, ಸ್ವಾಮಿ. ಮುಖ ಕಾಣೋ ಹಂಗೆ ನುಣ್ಣಗೆ ಮಾಡಿಕೊಡ್ತೀನಿ ಅಂತ ಮಾತು ಕೊಟ್ಟಿದ್ದೀನಿ. ಉಜ್ಜೋವಾಗ ಕೆಮ್ಮು ಬಂದ್ರೆ ಕೈ ಅಲ್ಲಾಡುತ್ತೆ, ಗೋಡೆ ಮೇಲೆ ಬರೆ ಬೀಳುತ್ತೆ.”

“ಹಂಗಾದ್ರೆ ಕೆಮ್ಮು ನಿಲ್ಲಬೇಕು.”

“ನಿಲ್ಲಬೇಕು.”

ಅಷ್ಟೇ. ಮರುದಿನ ಯಾರೂ ಹೇಳದೆ ಎದ್ದು ಹೋದ. ದಿನಾ ಬೆಳಗ್ಗೆ ಕೆರೆ ಏರಿಯ ಮೇಲೆ ನಿಂತು ನಿಂತು ನಡೆದು ಆಸ್ಪತ್ರೆಗೆ ಹೋಗಿಬರುತ್ತಿದ್ದ. ಸಂಜೆ ನಾನು ಕೆಲಸದಿಂದ ಬಂದರೆ ಒಂದೇ ಪ್ರಶ್ನೆ: “ಗೋಡೆ ಹೆಂಗೈತೆ?” “ಹಂಗೇ ಐತಪ್ಪಾ, ಇಟ್ಟಿಗೆ ಕಾಣ್ತಾ ಐತೆ” ಎನ್ನುತ್ತಿದ್ದೆ. ಎರಡನೇ ತಿಂಗಳಿಗೆ ಕೆಮ್ಮು ಇಳಿದಿತ್ತು, ಊಟ ಸೇರುತ್ತಿತ್ತು.

ಆಗ ನಾನು ಆ ಗೋಡೆ ಮುಗಿಸಿದೆ. ಐದು ದಿನ ಹಿಡಿಯಿತು. ಐದೂ ಸಂಜೆ “ಹಂಗೇ ಐತೆ” ಎಂದು ಸುಳ್ಳು ಹೇಳಿದೆ. ಆರನೆಯ ದಿನ ಅಪ್ಪನನ್ನು ಕರೆದುಕೊಂಡು ಹೋಗಿ ಗೋಡೆಯ ಮುಂದೆ ನಿಲ್ಲಿಸಿದೆ. ಅವನು ಅಂಗೈಯಿಂದ ಮೂಲೆಯಿಂದ ಮೂಲೆಗೆ ಸವರಿದ. ಕತ್ತು ವಾರೆ ಮಾಡಿ ಬೆಳಕಿಗೆ ನೋಡಿದ. ಎಲ್ಲೂ ತಪ್ಪು ಸಿಗಲಿಲ್ಲ.

“ಚೆನ್ನಾಗೈತೆ ಕಣ್ಲಾ” ಅಂದ. ನಾನು ಉಬ್ಬಿಹೋದೆ.

ಮಾರನೇ ಬೆಳಗ್ಗೆ ಅಪ್ಪ ಕಂಬಳಿ ಹೊದ್ದು ಮಲಗೇ ಇದ್ದ.

“ಆಸ್ಪತ್ರೆಗೆ ಹೊತ್ತಾಯ್ತಲ್ಲಪ್ಪಾ.”

“ಯಾತಕ್ಕೆ?”

“ಇನ್ನೂ ಎಷ್ಟು ಗೋಡೆ ಐತೆ! ಜಯನಗರ ಪೂರ್ತಿ ಬಾಕಿ ಬಿದ್ದೈತೆ.”

“ಅದಕ್ಕೆ ನೀನಿದ್ದೀಯಲ್ಲ” ಅಂದ. ಸಿಟ್ಟಿನಿಂದಲ್ಲ.

ಕಂಪೌಂಡರು ಮತ್ತೆ ಎರಡು ಸಲ ಬಂದರು. ಅಪ್ಪ ಅವರಿಗೆ ಕಾಫಿ ಕೊಡಿಸಿ ಕಳಿಸಿದ. ಆ ಮಳೆಗಾಲವನ್ನು ಅವನು ದಾಟಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಕಂಪೌಂಡರು ನನ್ನ ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿದರು: “ಒಂದು ಮೊಳ ಗೋಡೆ ಆದ್ರೂ ಅವರಿಗೇಂತ ಉಳಿಸ್ಬಾರ್ದಿತ್ತೇನಯ್ಯಾ?”

“ಗೃಹಪ್ರವೇಶಕ್ಕೆ ಅವಸರ ಇತ್ತು ಸಾರ್” ಅಂದೆ.

ಮೇಷ್ಟರಿಗೆ ಅವಸರವೇನೂ ಇರಲಿಲ್ಲ. “ನಿಮ್ಮಪ್ಪ ಹುಷಾರಾಗಿ ಬರ್ಲಿ, ನಾನು ಕಾಯ್ತೀನಿ” ಎಂದೇ ಅವರು ಹೇಳಿದ್ದರು. ನನ್ನ ಕೈಯೂ ಅಪ್ಪನ ಕೈಯಷ್ಟೇ ಚೆನ್ನ ಅಂತ ಅಪ್ಪನಿಗೇ ತೋರಿಸಬೇಕಿತ್ತು ನನಗೆ.