ವೈಸನ್ ತೇಂಗನ ಮಳೆನಕ್ಷೆ

ವೈಸನ್ ತೇಂಗ ಮದುವೆಗೆ ತಪ್ಪಿಸಿಕೊಂಡಾನು, ಮಣ್ಣಿಗೆ ತಪ್ಪಿಸಿಕೊಂಡವನಲ್ಲ. ನಮ್ಮ ಹವಾಮಾನ ಕಚೇರಿಯ ಕಾವಲುಗಾರನ ಅತ್ತೆ ಸತ್ತರೂ ಲಾರಿಯ ಹಿಂದೆ ಹತ್ತಿ, ಹೆಂಗಸರ ಹಾಡಿಗೆ ದನಿಗೂಡಿಸುತ್ತ ಹೊರಟುಬಿಡುತ್ತಿದ್ದ. ನಮ್ಮ ಬ್ಲಾಂಟೈರ್ ಪಟ್ಟಣದಲ್ಲಿ ಸಾವಿಗೆ ಹೋಗದವನನ್ನು ಯಾರೂ ಮನುಷ್ಯ ಎನ್ನುವುದಿಲ್ಲ. ಅವನ ಮನೆಯಲ್ಲಿ ಸಾವಾದಾಗ ಗುಂಡಿ ತೋಡಲು ಒಬ್ಬನೂ ಗುದ್ದಲಿ ಎತ್ತುವುದಿಲ್ಲ. ಇದರಲ್ಲಿ ನನಗೆ ತಕರಾರಿಲ್ಲ. ನನ್ನ ತಕರಾರೆಲ್ಲ ನಮ್ಮ ಕಂಪ್ಯೂಟರಿನ ಮೇಲೆ.

ಮಳೆಮಾಪಕಗಳ ಅಂಕಿಗಳನ್ನೂ ಉಪಗ್ರಹದ ಅಂದಾಜನ್ನೂ ಸೇರಿಸಿ, ದೇಶವನ್ನು ಸಣ್ಣ ಸಣ್ಣ ಚೌಕಗಳಾಗಿ ಕತ್ತರಿಸಿ, ಈ ಚೌಕಕ್ಕೆ ಇಷ್ಟು ಮಳೆ ಎಂದು ನಕ್ಷೆ ತೆಗೆಯುವುದು ವೈಸನ್‌ನ ಕೆಲಸ. ಆ ನಕ್ಷೆ ನೋಡಿ ರೇಡಿಯೊಗೆ ಮಾತು ಬರೆದುಕೊಡುವವಳು ನಾನು. ಅವನ ಸಾಫ್ಟ್‌ವೇರ್ ಎಷ್ಟು ಹಳೆಯದೆಂದರೆ ಅದರ ಒಳಹೊರಗು ಬಲ್ಲವನು ಅವನೊಬ್ಬನೇ. ಕೇಳಲು ಇದು ಹೊಗಳಿಕೆಯೇ. ಅವನು ಊರ ಕಡೆಗೆ ವರ್ಗ ಕೇಳಿದಾಗಲೆಲ್ಲ ನಾವು ಬ್ವಾನಾ, ಅಂದರೆ ಸಾಹೇಬರು, ಎಂದು ಕರೆಯುವ ಮೇಲಧಿಕಾರಿ ಸಿಲುಂಬು ಇದೇ ಹೊಗಳಿಕೆಯಿಂದ ಅವನ ಕಾಲು ಕಟ್ಟಿಹಾಕುತ್ತಿದ್ದರು.

ಈ ಮಳೆಗಾಲದಲ್ಲಿ ಸಿಡಿಲಿಗೆ ಹಳೆಯ ಕಂಪ್ಯೂಟರ್ ಸುಟ್ಟು ಹೊಸದು ಬಂತು. ಅದರಲ್ಲಿದ್ದುದೆಲ್ಲ ಹೊಸ ಆವೃತ್ತಿ. ಅಂಕಿ ಓದುವ ಹಳೆಯ ಭಾಗವನ್ನು ಕೂರಿಸಿದರೆ ನಕ್ಷೆ ಬಿಡಿಸುವ ಭಾಗ ಮುನಿಸಿಕೊಳ್ಳುತ್ತಿತ್ತು. ಅದನ್ನು ಒಲಿಸಿಕೊಂಡರೆ ಇದು ಏಳಲೊಲ್ಲದು. ಅತ್ತೆ ಸೊಸೆಯರ ನಡುವೆ ಸಿಕ್ಕಿಕೊಂಡ ಗಂಡಸಿನ ಹಾಗಾಗಿದ್ದ ವೈಸನ್. ಹಾಗಿರುವಾಗಲೇ ಒಂದು ಬೆಳಿಗ್ಗೆ ಚಿಕ್ವಾವಾ ಕಣಿವೆಯ ಊರಿನಿಂದ ಅವನ ಅಕ್ಕ ಎನೆಲೆಸ್ ಫೋನ್ ಮಾಡಿದಳು. ಸೋದರಮಾವ ತೀರಿಕೊಂಡಿದ್ದ. ಅವರ ಮನೆತನಕ್ಕೆ ಮಾವನೇ ಯಜಮಾನ. ಅವನ ಮೇಲೆ ಮೊದಲ ಹಿಡಿ ಮಣ್ಣು ಹಾಕಬೇಕಾದವನು ಹಿರಿಯ ಸೋದರಳಿಯ, ಅಂದರೆ ವೈಸನ್.

"ನಾಳೆ ಬೆಳಿಗ್ಗೆ ಮಣ್ಣು. ಇವತ್ತು ಸಂಜೆಯೊಳಗೆ ನೀನಿಲ್ಲಿರ್ಬೇಕು, ತಮ್ಮಾ."

"ಇರ್ತೀನಕ್ಕ."

ಸಿಲುಂಬು ಬಾಗಿಲಲ್ಲೇ ನಿಂತಿದ್ದರು. "ಪಾಪ, ಹೋಗ್ಬೇಕಾದ್ದೇ. ನಕ್ಷೆ ಒಂದು ಕೊಟ್ಟು ಹೊರಟುಬಿಡು."

"ಕೊಟ್ಟೇ ಹೋಗ್ತೀನಿ, ಬ್ವಾನಾ."

ಮಧ್ಯಾಹ್ನದ ಹೊತ್ತಿಗೆ ಎರಡು ಭಾಗಗಳನ್ನೂ ಹೇಗೋ ರಾಜಿ ಮಾಡಿಸಿದ. ನಕ್ಷೆ ಬಂತು. ಉತ್ತರದ ಕರೋಂಗಾದ ಮೇಲೆ ಕಡುನೀಲಿ ಮಳೆ, ದಕ್ಷಿಣದ ಚಿಕ್ವಾವಾ ಒಣ ಹಳದಿ. ಚೀಲ ಹೆಗಲಿಗೇರಿಸಿಕೊಂಡು ಅಕ್ಕನಿಗೆ ಫೋನ್ ಮಾಡಿದ. ಅವಳ ದನಿ ನನಗೂ ಕೇಳುತ್ತಿತ್ತು.

"ಬೇಗ ಬಾ. ನಿನ್ನೆಯಿಂದ ಮಳೆ ಬಿಟ್ಟಿಲ್ಲ. ಗುಂಡಿ ತೋಡೋರು ಮಣ್ಣಿಗಿಂತ ನೀರೇ ಜಾಸ್ತಿ ಎತ್ತಿ ಹಾಕ್ತಿದಾರೆ."

ವೈಸನ್ ನಕ್ಷೆಯತ್ತ ತಿರುಗಿದ. ಚೀಲ ಕೆಳಗಿಳಿಸಿದ.

ನನಗೆ ರೇಗಿತು. "ಹೋಗೋ ವೈಸನ್. ಕಣಿವೇಲೂ ಮಳೆ ಅಂತ ನಾನೇ ಬರೆದು ಹಾಕ್ತೀನಿ."

"ಎಷ್ಟು ಮಳೆ ಅಂತ ಬರೀತೀಯ?"

"ಅದು ಗೊತ್ತಿಲ್ಲ."

"ನಂಗೂ ಗೊತ್ತಿಲ್ಲ. ಗೊತ್ತಿಲ್ದೆ ಹೇಗೆ ಹೋಗ್ಲಿ?"

ಅವನು ಕರೋಂಗಾದ ಮಳೆ ಅಳೆಯುವವನಿಗೆ ಫೋನ್ ಮಾಡಿದ. ಅಲ್ಲಿ ರಣಬಿಸಿಲು, ಅವನ ಹೆಂಡತಿ ಅಂಗಳದಲ್ಲಿ ಉಸಿಪಾ ಮೀನು ಒಣಗಹಾಕಿದ್ದಳಂತೆ. ಮಳೆಯೆಲ್ಲ ತಲೆಕೆಳಗಾಗಿ ಕೂತಿತ್ತು. ವೈಸನ್ ಹೊಸ ಆವೃತ್ತಿಯನ್ನು ಜರಡಿ ಹಿಡಿದ. ಹುಡುಕುತ್ತಿದ್ದ ಹಾಗೆಯೇ ಮಧ್ಯಾಹ್ನದ ಬಸ್ಸೂ ಹೋಯಿತು, ಅದರ ಮುಂದಿನದೂ ಹೋಯಿತು. ತಪ್ಪು ಅಲ್ಲಿರಲೇ ಇಲ್ಲ. ಹಳೆಯ ಆವೃತ್ತಿ ನಕ್ಷೆಯನ್ನು ತಲೆಕೆಳಗಾಗಿ ಕೊಡುತ್ತದೆಂದು, ಅದನ್ನು ಮಗುಚುವ ಪ್ರೋಗ್ರಾಮಿನ ಸಾಲೊಂದನ್ನು ವೈಸನ್ನೇ ಎಂದೋ ಬರೆದು ಸೇರಿಸಿದ್ದ. ಹೊಸದು ಆ ದೋಷ ತಿದ್ದಿಕೊಂಡು ಬಂದಿತ್ತು. ಅವನ ಸಾಲು ಸರಿಯಾಗಿದ್ದದ್ದನ್ನೇ ಮಗುಚಿ ಹಾಕುತ್ತಿತ್ತು. ಅದನ್ನು ಅಳಿಸಿದ. ಕಡುನೀಲಿ ಕೆಳಗಿಳಿದು ಕಣಿವೆಯ ಮೇಲೂ ಅದಕ್ಕೆ ನೀರು ಹರಿಸುವ ಗುಡ್ಡಗಳ ಮೇಲೂ ಕೂತಿತು.

ಕಣಿವೆಯವರು ಕತ್ತಲಾಗುವ ಮೊದಲು ಎತ್ತರದ ಜಾಗ ಸೇರಬೇಕೆಂದು ಬರೆದು ರೇಡಿಯೊಗೆ ಕಳಿಸಿದೆ. ನಕ್ಷೆ ಪೊಲೀಸರಿಗೂ ಹೋಯಿತು. ವೈಸನ್ ಕೊನೆಯ ಬಸ್ಸಿಗೆ ಓಡಿದ, ಹೋದಷ್ಟೇ ಬೇಗ ಮರಳಿ ಬಂದ. ನಕ್ಷೆ ನೋಡಿ ಪೊಲೀಸರು ಕಣಿವೆಗೆ ಇಳಿಯುವ ರಸ್ತೆಯನ್ನು ಮುಚ್ಚಿಬಿಟ್ಟಿದ್ದರು. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕಂಪ್ಯೂಟರಿನ ಮುಂದೆಯೇ ಕೂತ.

ಮಾರನೆಯ ದಿನ ಎನೆಲೆಸ್ ಫೋನ್ ಮಾಡಿದಳು.

"ಮಣ್ಣಾಯ್ತು. ರೇಡಿಯೊದಲ್ಲಿ ಹೇಳಿದ್ರು ಅಂತ ಮಾವನ್ನ ಹೊತ್ಕೊಂಡು ಶಾಲೆ ಗುಡ್ಡಕ್ಕೆ ಬಂದ್ವಿ. ಊರಿಗೂರೇ ಬಂತು. ಮನೆ ಒಂದೂ ಉಳೀಲಿಲ್ಲ, ಜನ ಉಳಿದ್ರು."

"ದೇವರು ದೊಡ್ಡೋನು, ಅಕ್ಕ."

ನಾನು ತಡೆಯಲಾರದೆ ಫೋನಿಗೆ ಕೈ ಚಾಚಿದೆ. ರೇಡಿಯೊದ ಆ ಮಾತು ಯಾರ ನಕ್ಷೆಯಿಂದ ಬಂತೆಂದು ಅವಳಿಗೆ ಹೇಳಿಬಿಡಬೇಕೆನಿಸಿತ್ತು. ವೈಸನ್ ಫೋನಿಗೆ ಅಂಗೈ ಅಡ್ಡ ಹಿಡಿದು ಪಿಸುಗುಟ್ಟಿದ: "ಬೇಡ. ಮಾವನಿಗಿಂತ ಕೆಲಸ ಹೆಚ್ಚಾಯ್ತಾ ಅಂತಾಳೆ. ಹೌದು ಅನ್ಬೇಕಾಗುತ್ತೆ."

ಕೈ ತೆಗೆದಾಗ ಅವಳಿನ್ನೂ ಮಾತಾಡುತ್ತಲೇ ಇದ್ದಳು.

"ಮುಖ ನೋಡ್ದೋನಲ್ಲ, ಆ ರೇಡಿಯೊದೋನಿಗೆ ನಮ್ಮ ಮೇಲೆ ಅಷ್ಟು ಕಾಳಜಿ. ಒಡಹುಟ್ಟಿದೋನು ನೀನು, ಬರ್ಲಿಲ್ಲ. ಮೊದಲ ಹಿಡಿ ಮಣ್ಣು ನಾನೇ ಹಾಕ್ದೆ. ಇನ್ಮೇಲೆ ನಮ್ಮನೇಲಿ ಸಾವಾದ್ರೆ ನಿಂಗೆ ಹೇಳಿ ಕಳ್ಸಲ್ಲ, ಬಿಡು."

"ಹೂಂ, ಅಕ್ಕ," ಎಂದ ವೈಸನ್.