ತುಂಬಿದ ಕಡೆ ಹಿಡಿದ ಅಳತೆ

ಟೈಲರಮ್ಮನ ಅಳತೆ ತಪ್ಪಿದ್ದನ್ನು ಇಪ್ಪತ್ತಾರು ವರ್ಷಗಳಲ್ಲಿ ಯಾರೂ ಕಂಡಿರಲಿಲ್ಲ. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಒಂದು ಮಿಷನ್ನು, ಒಂದು ನಿಲುಗನ್ನಡಿ, ಗೋಡೆಗುಂಟ ಬಟ್ಟೆಯ ಗಂಟುಗಳು. ಹೋದ ವರ್ಷದ ಅಳತೆಯೇ ಇರಲಿ, ನಾನೇನೂ ದಪ್ಪ ಆಗಿಲ್ಲ ಎಂದು ಯಾರಾದರೂ ಹೇಳಿದರೆ, "ನಂಗೇನೋ ಕೇಳಿಸ್ತಮ್ಮ, ಟೇಪಿಗೆ ಕಿವಿ ಇಲ್ವಲ್ಲ" ಎನ್ನುತ್ತ ಟೇಪು ಸುತ್ತಿಯೇ ಬಿಡುತ್ತಿದ್ದಳು. ಸುತ್ತುವುದು ಯಾವಾಗಲೂ ಮೈ ತುಂಬಿರುವ ಕಡೆ. ಸಡಿಲವಾದ ಬಟ್ಟೆಯನ್ನು ಹಿಡಿದು ಹೊಲಿಯಬಹುದು. ಬಿಗಿಯಾದರೆ ಇಲ್ಲದ ಬಟ್ಟೆಯನ್ನು ಎಲ್ಲಿಂದ ತರುವುದು? ಅವಳ ವಿದ್ಯೆಯೆಲ್ಲ ಆ ಒಂದು ಅಂಜಿಕೆಯ ಮೇಲೆ ನಿಂತಿತ್ತು.

ಗಂಡ ಮನೆಗಳಿಗೆ ಟೈಲ್ಸ್ ಹಾಕುತ್ತಿದ್ದವನು. ಹಿತ್ತಲಿನ ಕೊಳ ಅವನದೇ ಕೈಕೆಲಸ. ಕೆಲಸದಲ್ಲಿ ಉಳಿದ ಒಡಕು ಚೂರುಗಳನ್ನೇ ಕೂಡಿಸಿ ಒಳಮೈಗೆ ಅಂಟಿಸಿದ್ದ. ಅದರಲ್ಲಿ ಒಂಬತ್ತು ಕೆಂಪು ಮೀನು. ಹೋದ ವರ್ಷ ಲಕ್ವ ಹೊಡೆದು ಬಲಗೈ, ಬಲಗಾಲು, ಮಾತು ಮೂರನ್ನೂ ಒಂದೇ ಬೆಳಿಗ್ಗೆ ಕಸಿದುಕೊಂಡಿತು. ಡಾಕ್ಟರು ಅವಳನ್ನು ಪಕ್ಕಕ್ಕೆ ಕರೆದು, ದಿನಾ ನಡೆಸಿ, ಮಂಚ ಹಿಡಿದರೆ ಇವರು ಮತ್ತೆ ಏಳುವುದಿಲ್ಲ ಎಂದಿದ್ದರು. ಅವಳು ಗೋಗರೆದಳು, ಗದರಿದಳು. ಅವನು ಜಪ್ಪಯ್ಯ ಅನ್ನಲಿಲ್ಲ. ಒಂದು ದಿನ ಮೀನಿನ ಕಾಳಿನ ಡಬ್ಬಿಯನ್ನು ಎಡಗೈಗೆ ಕೊಟ್ಟಳು. ಎದ್ದ. ಬಲಗಾಲನ್ನು ಎಳೆಯುತ್ತ ಮಂಚದಿಂದ ಕೊಳಕ್ಕೆ ಇಪ್ಪತ್ತೆರಡು ಹೆಜ್ಜೆ, ಕೊಳದಿಂದ ಮಂಚಕ್ಕೆ ಮತ್ತೆ ಅಷ್ಟೇ. ಅವನ ನಡಿಗೆ ಅಂತ ಉಳಿದದ್ದು ಅದೊಂದೇ.

ಹಾಗಿರುವಾಗ ಮೀನುಗಳ ಮೈಮೇಲೆ ಉಪ್ಪು ಉದುರಿಸಿದಂತೆ ಬಿಳಿ ಚುಕ್ಕೆಗಳೆದ್ದವು. ಅವಳು ಮೀನಿನ ಅಂಗಡಿಗೆ ಓಡಿದಳು.

"ನೀರು ಎಷ್ಟು ಲೀಟರ್ ಇದೆ ಹೇಳಿ ಅಕ್ಕಾ. ಹತ್ತು ಲೀಟರಿಗೆ ಒಂದು ಎಂ.ಎಲ್. ಕಮ್ಮಿ ಆದ್ರೆ ರೋಗ ಹೋಗಲ್ಲ, ಜಾಸ್ತಿ ಆದ್ರೆ ಮೀನೇ ಹೋಗುತ್ತೆ" ಎಂದ ಅಂಗಡಿಯವನು.

ಅಳೆಯುವುದು ಅವಳಿಗೆ ಹೊಸತೇ? ಮನೆಗೆ ಬಂದವಳೇ ಟೇಪು ಹಿಡಿದು ಕೊಳದ ಬದಿ ಕುಕ್ಕರಗಾಲಲ್ಲಿ ಕೂತಳು. ಉದ್ದ ಎಲ್ಲಿ ಹೆಚ್ಚೋ ಅಲ್ಲಿ ಎಂಟಡಿ. ಅಗಲ ಎಲ್ಲಿ ಹೆಚ್ಚೋ ಅಲ್ಲಿ ಸರಿಯಾಗಿ ಒಂದು ಟೇಪು, ಐದಡಿ. ಪರದೆಯ ಸರಳನ್ನು ನಟ್ಟನಡುವೆ ಇಳಿಬಿಟ್ಟು ನೋಡಿದರೆ ಎರಡಡಿ ಒದ್ದೆ. ಗುಣಿಸಿದರೆ ಎಂಬತ್ತು, ಒಂದು ಘನ ಅಡಿಗೆ ಇಪ್ಪತ್ತೆಂಟು ಲೀಟರೆಂದು ಅಂಗಡಿಯವನು ಚೀಟಿಯಲ್ಲಿ ಬರೆದುಕೊಟ್ಟಿದ್ದ. ಎರಡು ಸಾವಿರದ ಇನ್ನೂರ ನಲವತ್ತು ಲೀಟರು. ಕೊಳದ ಪಕ್ಕ ಕುರ್ಚಿಯಲ್ಲಿ ಕೂತಿದ್ದ ಗಂಡನಿಗೆ ಲೆಕ್ಕವನ್ನು ಗಟ್ಟಿಯಾಗಿ ಓದಿ ಹೇಳಿದಳು. ಅವನು ಎಡಗೈಯ ಬೊಗಸೆ ಮಾಡಿ ಎತ್ತಿ ತೋರಿಸಿದ. ಮತ್ತೆ ಮತ್ತೆ ತೋರಿಸಿದ. ಬಾಯಾರಿಕೆಯೇನೋ ಎಂದು ಲೋಟದಲ್ಲಿ ನೀರು ತಂದುಕೊಟ್ಟಳು. ಅವನು ಅವಳ ಮುಖವನ್ನೊಮ್ಮೆ ನೋಡಿ ನೀರು ಕುಡಿದ.

ಮರುದಿನ ಬೆಳಿಗ್ಗೆ ಅಳತೆಗೆ ಒಂದು ಹನಿ ಹೆಚ್ಚುಕಮ್ಮಿಯಾಗದಂತೆ ಔಷಧಿ ಸುರಿದಳು. ನೀರು ಮಸುಕು ನೀಲಿಯಾಯಿತು. ಹನ್ನೊಂದು ಗಂಟೆಯ ಹೊತ್ತಿಗೆ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಿಡತೊಡಗಿದವು. ಫೋನಿನಲ್ಲಿ ಅಂಗಡಿಯವನು ಅರ್ಧ ನೀರು ಹೊರಗೆ ಹಾಕಿ ಹೊಸ ನೀರು ತುಂಬಿಸಲು ಹೇಳಿದ. ಹದಿನೈದು ಲೀಟರಿನ ಬಕೆಟ್ಟು. ಅರ್ಧ ಎಂದರೆ ಎಪ್ಪತ್ತೈದು ಬಕೆಟ್ಟು. ಸೆರಗು ಸೊಂಟಕ್ಕೆ ಸಿಕ್ಕಿಸಿ ಮೊಗೆದು ಮೊಗೆದು ಚೆಲ್ಲಿದಳು. ನೀರು ಬೇಗ ಇಳಿಯುತ್ತಿದೆ ಅನ್ನಿಸಿತು. ಆದರೂ ಕಣ್ಣಿಗಿಂತ ಲೆಕ್ಕವನ್ನೇ ನಂಬಿದಳು. ನಲವತ್ತೆಂಟನೆಯ ಬಕೆಟ್ಟಿಗೆ ಟೈಲ್ಸಿನ ಚೂರುಗಳು ಸುತ್ತಲೂ ಒಣಗಿ ನಿಂತಿದ್ದವು. ನಡುವೆ ಗೇಣುದ್ದ ನೀರಿನಲ್ಲಿ ಒಂಬತ್ತು ಮೀನು ಒಂದರ ಮೇಲೊಂದು ಹೊರಳುತ್ತಿದ್ದವು.

ಅವಳ ಕೈ ಬಕೆಟ್ಟಿನಲ್ಲೇ ನಿಂತಿತು. ಅಂಚು ಆಳವಿರಲಿಲ್ಲ. ಅಂಚಿನಿಂದ ನಡುವಿಗೆ ಕೊಳ ಇಳಿಜಾರಾಗಿ, ಬೊಗಸೆಯ ಹಾಗೆ ಇಳಿದಿತ್ತು. ಅವನು ತೋರಿಸಿದ್ದು ಅದನ್ನೇ. ನಿಜವಾದ ನೀರಿನ ಎರಡು ಪಟ್ಟಿಗೂ ಮಿಕ್ಕಿ ಅಳೆದು, ಅಷ್ಟೇ ಪಟ್ಟು ಔಷಧಿ ಸುರಿದಿದ್ದಳು.

ಕೊಳವೆ ಹಿಡಿದು ಹೊಸ ನೀರು ಬಿಟ್ಟಳು. ಮಧ್ಯಾಹ್ನಕ್ಕೆ ಐದು ಹೋದವು, ಸಂಜೆಗೆ ಮೂರು. ಅವಳು ಬಂದು ಮಂಚದ ಬಳಿ ನೆಲದ ಮೇಲೆ ಕೂತಳು.

"ನಾನೇ ಕೊಂದೆ ಕಣ್ರೀ," ಎಂದಳು. "ನೀವು ಹೇಳಿದ್ರಿ. ನಾನು ನೀರು ಕೊಟ್ಟೆ."

ಅವನ ಕಣ್ಣು ಸೂರಿನಲ್ಲಿತ್ತು.

ಉಳಿದ ಒಂದು ಮೀನು ಮೂರು ದಿನ ಬದುಕಿತು. ಆ ಮೂರು ದಿನವೂ ಅವನು ಅದೊಂದಕ್ಕಾಗಿ ಇಪ್ಪತ್ತೆರಡು ಹೆಜ್ಜೆ ನಡೆದು ಕಾಳು ಹಾಕಿದ, ಅದು ತಿನ್ನಲಿಲ್ಲ. ಬೇರೆ ಮೀನು ಕೊಡೆಂದು ಅವಳು ಅಂಗಡಿಯವನನ್ನು ಕೇಳಿದಳು. ಕೊಳ ತೊಳೆದು ಒಂದು ತಿಂಗಳು ಖಾಲಿ ಬಿಡಬೇಕು ಅಕ್ಕಾ, ಆಮೇಲೆ ನೋಡೋಣ ಎಂದ. ಒಂದು ತಿಂಗಳು ಗಂಡ ಮಲಗಿಬಿಟ್ಟರೆ ಆ ಕಾಲು ಏನಾದೀತೆಂದು ಅಂಗಡಿಯವನಿಗೇನು ಗೊತ್ತು.

ನಾಲ್ಕನೆಯ ಬೆಳಿಗ್ಗೆ ಅವಳು ಅವನ ಹೆಗಲ ಕೆಳಗೆ ಕೈ ಹಾಕಿ, ಏಳಿ, ಸುಮ್ಮನೆ ಬಾಗಿಲತನಕ ಹೋಗಿಬರೋಣ ಎಂದಳು. ಅವನು ಗೋಡೆಯ ಕಡೆ ಹೊರಳಿದ. ಮುಂದಿನ ಕೋಣೆಯಲ್ಲಿ ಯಾರೋ ಬ್ಲೌಸು ಕೇಳಿಕೊಂಡು ಬಂದು ಕರೆಯುತ್ತಿದ್ದರು. ಅವಳು ಹೋಗಲಿಲ್ಲ. ಅವನ ಬಲಗಾಲನ್ನು ಮಡಿಲಿಗೆ ತೆಗೆದುಕೊಂಡು, ಆಸ್ಪತ್ರೆಯಲ್ಲಿ ಕಲಿಸಿದ ಹಾಗೆ ಬೆರಳುಗಳನ್ನು ಒಂದೊಂದಾಗಿ ಮಡಿಸಿದಳು, ಬಿಡಿಸಿದಳು. ಕಾಲು ಬೆಚ್ಚಗಿತ್ತು, ಭಾರವಾಗಿತ್ತು. ಅವಳು ಇಟ್ಟಲ್ಲೇ ಇರುತ್ತಿತ್ತು.