ಎದುರು ಕೂತ ಹೃದಯ

ಬ್ಯೂಟಿ ಪಾರ್ಲರಿನಲ್ಲಿ ಇಪ್ಪತ್ತು ವರ್ಷ ಕತ್ತರಿಯಾಡಿಸಿದ ಕೈ ಅದು. ಬೀದಿಯವರೆಲ್ಲ ಅವಳನ್ನು ಕರೆಯುತ್ತಿದ್ದದ್ದೇ ಕತ್ತರಿಯಕ್ಕ ಎಂದು. ಪಾರ್ಲರಿನ ಯಜಮಾನಿ ಅಂಗಡಿ ಮುಚ್ಚಿ ಮಗಳ ಮನೆ ಸೇರಿದ ಮೇಲೆ, ನಲವತ್ತೈದರ ವಯಸ್ಸಿನಲ್ಲಿ ಕತ್ತರಿಯಕ್ಕ ಆಸ್ಪತ್ರೆಯ ಸಹಾಯಕಿಯರ ತರಬೇತಿಗೆ ಸೇರಿಕೊಂಡಳು.

ಪಾಠವೆಲ್ಲ ನಾಲಗೆಯ ತುದಿಯಲ್ಲಿತ್ತು. ಅಶುದ್ಧ ರಕ್ತ ಹೃದಯದ ಬಲಭಾಗಕ್ಕೆ ಬಂದು ಶ್ವಾಸಕೋಶಕ್ಕೆ ಹೋಗುತ್ತದೆ, ಅಲ್ಲಿ ಶುದ್ಧವಾಗಿ ಎಡಭಾಗಕ್ಕೆ ಮರಳಿ ಮೈಯೆಲ್ಲ ಹರಿಯುತ್ತದೆ ಎಂದು ನಿದ್ದೆಯಲ್ಲೂ ಒಪ್ಪಿಸಬಲ್ಲಳು. ಆದರೆ ಪ್ಲಾಸ್ಟಿಕ್ಕಿನ ಹೃದಯ ಮುಂದಿಟ್ಟು ಎಡಭಾಗ ತೋರಿಸಿ ಎಂದರೆ ಬೆರಳು ಹಾಳಾದ್ದು ಬಲಭಾಗಕ್ಕೇ ಹೋಗುತ್ತಿತ್ತು. ಮೌಖಿಕ ಪರೀಕ್ಷೆಯಲ್ಲಿ ಆಗಲೇ ಒಮ್ಮೆ ಮಣ್ಣು ಮುಕ್ಕಿದ್ದಳು. ಇನ್ನೊಮ್ಮೆ ಮುಕ್ಕಿದರೆ ತರಬೇತಿಯಿಂದಲೇ ಹೊರಗೆ.

"ಎಡ ಬಲ ಗೊತ್ತಿಲ್ವೇನೇ ನಿಂಗೆ?" ಎಂದ ಗಂಡ. ಅವನು ಬಸ್ ಡ್ರೈವರ್.

"ಗೊತ್ತು ರೀ. ಕನ್ನಡಿ ಮುಂದೆ ಕೂತ್ಕೊಳ್ಳಿ, ತೋರಿಸ್ತೀನಿ."

ರೂಢಿಯಂತೆ ಅವನ ಹಿಂದೆ ನಿಂತು, ಕನ್ನಡಿ ನೋಡಿಕೊಂಡು, ಅವನ ಬನಿಯನ್ನಿನ ಮೇಲೆ ಹೃದಯ ಬರೆದಳು. ಎಡಕ್ಕೆ ಲಿಪ್‌ಸ್ಟಿಕ್ಕಿನ ಕೆಂಪು, ಬಲಕ್ಕೆ ಕಣ್ಣಿನ ಪೆನ್ಸಿಲ್ಲಿನ ನೀಲಿ. ಒಂದೂ ತಪ್ಪಿರಲಿಲ್ಲ.

ಗಂಡ ಅವಳ ಪಾಠದ ಪುಸ್ತಕದ ಚಿತ್ರ ನೋಡಿದ, ಕನ್ನಡಿ ನೋಡಿದ. "ಅಲ್ಲ ಕಣೇ, ಪುಸ್ತಕದಲ್ಲಿ ಕೆಂಪು ಈ ಕಡೆ ಇದೆ, ಇಲ್ಲಿ ಆ ಕಡೆ ಇದೆಯಲ್ಲ."

ಆಗ ಹೊಳೆಯಿತು. ಅಷ್ಟು ವರ್ಷ ಅವಳು ಜನರ ಬೆನ್ನ ಹಿಂದೆಯೇ ನಿಂತವಳು. ಅವರ ಎಡವೇ ಅವಳ ಎಡ. ಪುಸ್ತಕದ ಮನುಷ್ಯನೋ ಎದುರಿಗೆ ಕೂತಿದ್ದಾನೆ, ಅವನ ಎಡ ಅವಳ ಬಲಕ್ಕೆ. ಅವಳು ಸುತ್ತಿ ಬಂದು ಗಂಡನ ಮುಂದೆ ಸ್ಟೂಲು ಹಾಕಿಕೊಂಡಳು. ಅಂದಿನಿಂದ ದಿನವೂ ಸಂಜೆ ಅದೇ ಪಾಠ. ಒಂದು ಬೆಳಿಗ್ಗೆ ಅದೇ ಬನಿಯನ್ನಿನಲ್ಲಿ ಕಸ ಹಾಕಲು ಹೋದವನ ಎದೆಯ ಮೇಲಿನ ಲಿಪ್‌ಸ್ಟಿಕ್ ನೋಡಿ ಪಕ್ಕದ ಮನೆಯಾಕೆ ಹುಬ್ಬೇರಿಸಿದರೆ, "ನಮ್ಮನೆಯವಳದೇ" ಎಂದು ಇವನು ಎದೆಯುಬ್ಬಿಸಿದ.

ಪರೀಕ್ಷೆಯ ದಿನ ಮೇಡಂ ಮತ್ತೆ ಅದೇ ಪ್ಲಾಸ್ಟಿಕ್ ಹೃದಯ ಮುಂದಿಟ್ಟರು. ಕತ್ತರಿಯಕ್ಕ ಗಂಡನನ್ನು ನೆನೆದು ಬೆರಳಿಟ್ಟಳು. ಸರಿಯಾಗಿತ್ತು. ಎಡಗೋಡೆ ಯಾಕೆ ದಪ್ಪ ಎಂದರು ಮೇಡಂ. "ಬಲಗಡೆಯದು ಪಕ್ಕದಲ್ಲಿರೋ ಶ್ವಾಸಕೋಶಕ್ಕೆ ತಳ್ಳಿದ್ರೆ ಸಾಕು. ಇದು ಇಡೀ ಮೈಗೆ ತಳ್ಳಬೇಕಲ್ಲ ಮೇಡಂ." ಪಾಸು ಮಾಡಿದರು.

ಸಂಜೆ ಮನೆಗೆ ಬಂದರೆ ಗಂಡ ಆಗಲೇ ಕುರ್ಚಿಯಲ್ಲಿ ಕೂತಿದ್ದ.

"ಪಾಸಾದೆ ರೀ. ಇನ್ನು ನಿಮಗೆ ಈ ಕಾಟ ಇಲ್ಲ."

"ಒಳ್ಳೇದಾಯ್ತು" ಎಂದ. ಮುಖ ಮಾತ್ರ ಸಪ್ಪಗಾಯಿತು.

ಬೆಳಗಾಗುವ ಮುಂಚೆ ಬಸ್ಸಿಗೆ ಓಡುವವನು, ಪಾರ್ಲರು ಮುಚ್ಚಿ ಬರುವವಳು. ಮದುವೆಯಾದ ಮೇಲೆ ಈ ಪಾಠ ಶುರುವಾಗುವವರೆಗೂ ಇಷ್ಟು ಹೊತ್ತು ಎದುರುಬದುರು ಕೂತದ್ದೇ ಇರಲಿಲ್ಲ.

"ನಾಳೆಯಿಂದ ಮೂತ್ರಪಿಂಡದ ಪಾಠ" ಎಂದಳು.

ಅವನ ಮುಖ ಅರಳಿತು. "ಅದು ಬೆನ್ನ ಕಡೆ ಅಲ್ವಾ? ತಿರುಗಿ ಕೂತ್ಕೊಳ್ಳಲಾ?"

ಅವಳು ಸ್ಟೂಲು ಎಳೆದುಕೊಂಡಳು. "ಅದು ನಾಳೆ. ಇವತ್ತು ಹೀಗೇ ಇರಿ."